ಸಂಶೋಧನೆ ದಂಡ ಎನ್ನುವವರಿಗೆ ಲೋಕಾಪುರದಿಂದ ಉತ್ತರ

ವಿಶ್ವವಿದ್ಯಾಲಯಗಳ ಸಂಶೋಧನೆಗೆ ಸುರಿಯುವ ದುಡ್ಡು ದಂಡ ಎಂಬ ಮಾತು ನಮ್ಮ ಭಾಗದಲ್ಲಿ ಜೋರಾಗುತ್ತಿದೆ. 2025ರ ಫೆಬ್ರುವರಿಯಲ್ಲಿ ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ ಅಭಿಪ್ರಾಯಪಟ್ಟಿತು. ಜಮಖಂಡಿಯಲ್ಲಿರುವ ಬಾಗಲಕೋಟೆ ವಿಶ್ವವಿದ್ಯಾಲಯದ ಹೆಸರೂ ಆ ಪಟ್ಟಿಯಲ್ಲಿತ್ತು. ಉಪಸಮಿತಿಯ ಮಾತಿಗಿಂತ ನನಗೆ ಹೆಚ್ಚು ನೋವು ತಂದದ್ದು ನಮ್ಮವರೇ ‘ಹೋದರ ಹೋಗಲಿ’ ಎಂದದ್ದು. ಹಾಗೆ ಹೇಳುವವರು ನನ್ನ ವೈರಿಗಳಲ್ಲ. ಕಬ್ಬು ಬೆಳೆಯುವವರು, ಮಕ್ಕಳನ್ನು ಓದಿಸುವವರು, ತೆರಿಗೆ ಕಟ್ಟುವವರು. ಅದಕ್ಕೇ ಅವರ ಒಂದೊಂದು ಆಕ್ಷೇಪಕ್ಕೂ ನೇರ ಉತ್ತರ ಕೊಡಬೇಕಾಗಿದೆ.

‘ಇವರ ಸಂಶೋಧನೆ ಎಲ್ಲಾ ಹಾಳಿ ಮ್ಯಾಲೆ, ಹೊಲಕ್ಕ ಏನೂ ಬರಂಗಿಲ್ಲ’

2002ನ್ನು ನೆನಪಿಸಿಕೊಳ್ಳಿ. ಸಾಂಗಲಿ ಕಡೆಯಿಂದ ಬಂದ ಬಿಳಿ ಉಣ್ಣೆ ಹೇನು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕಬ್ಬಿಗೆ ಮುತ್ತಿತು. ಎಲೆ ಮಗುಚಿದರೆ ನಡುದಿಂಡಿನ ಎರಡೂ ಕಡೆ ಅರಳೆ ಅಂಟಿಸಿದಂತೆ ಬೆಳ್ಳಗೆ ಸಾಲುಗಟ್ಟಿದ ಹೇನು. ಅವು ರಸ ಹೀರಿ ಬಿಡುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಹಸಿರು ಕಬ್ಬಿನ ಪಡ ಮಸಿ ಬಳಿದಂತೆ ಕಾಣುತ್ತಿತ್ತು. ಆಳೆತ್ತರ ದಾಟಿದ ಕಬ್ಬಿನಲ್ಲಿ ಪಂಪು ಹೊತ್ತು ನುಗ್ಗಲಾಗದು. ನುಗ್ಗಿದರೂ ಎಲೆಯ ಅಡಿಗೆ ಔಷಧ ತಾಗದು. ತಾಗಿದರೆ ಹೇನಿನ ಜೊತೆ ಅದನ್ನು ತಿನ್ನುವ ಹುಳವೂ ಸಾಯುತ್ತದೆ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಆ ತಿನ್ನುವ ಹುಳದ ಬೆನ್ನು ಹತ್ತಿದರು. ಡೈಫಾ ಎಂಬ ಪತಂಗದ ಮರಿಹುಳ, ಮೈಕ್ರೋಮಸ್ ಎಂಬ ಕಂದು ರೆಕ್ಕೆಯ ಸಣ್ಣ ಕೀಟ, ಹೇನಿನ ಮೈಯೊಳಗೇ ಬೆಳೆಯುವ ಎನ್‌ಕಾರ್ಸಿಯಾ ಎಂಬ ಪರತಂತ್ರ ಜೀವಿ, ಇವು ಯಾವ ಹವೆಯಲ್ಲಿ ಹೆಚ್ಚುತ್ತವೆ, ಎಷ್ಟು ಹೇನು ತಿನ್ನುತ್ತವೆ, ಇವನ್ನು ಹೇಗೆ ಸಾಕಿ ಹೊಲಕ್ಕೆ ಬಿಡಬೇಕು ಎಂಬುದರ ಅಧ್ಯಯನ ನಡೆಯಿತು. ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆ ಮತ್ತು ಮಹಾರಾಷ್ಟ್ರದ ವಿಜ್ಞಾನಿಗಳೂ ಇದೇ ಕೆಲಸದಲ್ಲಿದ್ದರು. ಹುಳ ಇರುವ ಎಲೆಯ ತುಂಡುಗಳನ್ನು ಹೇನು ಬಿದ್ದ ಪಡಕ್ಕೆ ಕಟ್ಟುವುದು ರೈತರಿಗೆ ತಿಳಿಯಿತು. ಎಲ್ಲೆಂದರಲ್ಲಿ ವಿಷ ಸಿಂಪಡಿಸಬೇಡಿ ಎಂಬ ಎಚ್ಚರಿಕೆಯೂ ಬಂತು. ಆ ಸಂಶೋಧನಾ ಪ್ರಬಂಧಗಳು ಹಾಳೆಯ ಮೇಲೇ ಇವೆ, ನಿಜ. ಆದರೆ ಆ ಹಾಳೆಯಲ್ಲಿದ್ದದ್ದು ನಮ್ಮ ಕಬ್ಬಿನ ಔಷಧ.

‘ಜಗತ್ತಿನ ರ‍್ಯಾಂಕಿಂಗ್‌ನೊಳಗ ಇವರ ಹೆಸರ ಎಲ್ಲೈತಿ?’

ಯುರೋಪಿನ ವಿಶ್ವವಿದ್ಯಾಲಯಗಳು ವೈದ್ಯಕೀಯದಿಂದ ಭೌತಶಾಸ್ತ್ರದವರೆಗೆ ಹತ್ತಾರು ವಿಭಾಗಗಳಲ್ಲಿ ರಾಶಿ ರಾಶಿ ಪ್ರಬಂಧ ಹೊರತರುತ್ತವೆ, ನಮ್ಮವು ಅದರ ಹತ್ತಿರಕ್ಕೂ ಬರುವುದಿಲ್ಲ ಎಂಬುದು ಓದಿದವರ ಆಕ್ಷೇಪ. ಎಣಿಕೆ ಸರಿ. ಅದರಿಂದ ತೆಗೆಯುವ ತೀರ್ಮಾನ ತಪ್ಪು.

ಇಂಥ ಪಟ್ಟಿಗಳು ಮುಖ್ಯವಾಗಿ ನೋಡುವುದು ಎಷ್ಟು ಪ್ರಬಂಧ ಪ್ರಕಟವಾಯಿತು, ಅದನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದನ್ನು. ಕಬ್ಬೇ ಬೆಳೆಯದ ದೇಶದ ವಿಜ್ಞಾನಿ ಕಬ್ಬಿನ ಹೇನಿನ ಪ್ರಬಂಧವನ್ನು ಯಾಕೆ ಉಲ್ಲೇಖಿಸಬೇಕು? ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯ ಕೃಷಿ ಸಂಶೋಧನೆಯಲ್ಲಿ ಜಗತ್ತಿಗೇ ಹೆಸರಾದದ್ದು ತನ್ನ ನಾಡಿನ ಆಲೂಗಡ್ಡೆ, ಹೈನು, ಗಾಜಿನ ಮನೆಯ ಬೇಸಾಯಗಳನ್ನು ಬಿಡದೆ ಹಿಡಿದಿದ್ದಕ್ಕೆ. ಅವರು ತಮ್ಮ ನೆಲ ನೋಡಿಕೊಂಡರೆ ದೊಡ್ಡ ವಿಜ್ಞಾನ, ನಾವು ನಮ್ಮ ನೆಲ ನೋಡಿಕೊಂಡರೆ ಸಣ್ಣ ಕೆಲಸ ಎನ್ನುವ ನ್ಯಾಯ ಯಾವುದು?

ಇಂಥ ಪಟ್ಟಿಗಳ ಮಿತಿಯನ್ನು ಯುರೋಪಿನವರೇ ಒಪ್ಪಿದ್ದಾರೆ. ಪ್ರಬಂಧಗಳ ಎಣಿಕೆಯಿಂದಲೇ ವಿಶ್ವವಿದ್ಯಾಲಯಗಳ ಪಟ್ಟಿ ಮಾಡುವ ಕೇಂದ್ರವೊಂದು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನವರೂ ಸೇರಿ ಸಂಶೋಧನೆಯ ಅಳತೆಗೆ ಹತ್ತು ಸೂತ್ರಗಳನ್ನು ಬರೆದರು. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಲೈಡನ್ ಪ್ರಣಾಳಿಕೆಯ ಮೂರನೆಯ ಸೂತ್ರವೇ ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕು ಎನ್ನುತ್ತದೆ. ಅಳೆಯುವವರೇ ಅಳತೆಗೋಲಿನ ಮಿತಿ ಹೇಳಿದ ಮೇಲೂ ನಾವು ಅದನ್ನೇ ಹಿಡಿದು ನಮ್ಮವರನ್ನು ಹೊಡೆಯಬಾರದು.

‘ಬೀಜಾ ಕಂಪನಿಯವರು ಕೊಡತಾರ, ಸರಕಾರ ಯಾಕ ಬೇಕು?’

ಕಂಪನಿ ಕೊಡುವುದು ಪ್ರತಿ ವರ್ಷ ಕೊಳ್ಳಲೇಬೇಕಾದ ಬೀಜವನ್ನು. ಅದು ಅದರ ವ್ಯಾಪಾರ, ತಪ್ಪೇನಿಲ್ಲ. ಆದರೆ ಕಬ್ಬಿನ ತುಂಡನ್ನು ರೈತ ತನ್ನ ಹೊಲದಿಂದಲೇ ಕಡಿದು ನೆಡುತ್ತಾನೆ. ಶೇಂಗಾ, ಸೋಯಾಬೀನ್, ಗೋದಿಯ ಬೀಜ ಮನೆಯಲ್ಲೇ ಎತ್ತಿಡುತ್ತಾನೆ. ಇದರಲ್ಲಿ ಕಂಪನಿಗೆ ಲಾಭ ಕಡಿಮೆ, ಆದ್ದರಿಂದ ಆಸಕ್ತಿಯೂ ಕಡಿಮೆ. ಮುಧೋಳ, ಜಮಖಂಡಿ ಭಾಗದ ಹೊಲಗಳನ್ನು ತುಂಬಿದ 86032 ಕಬ್ಬು ಹುಟ್ಟಿದ್ದು ಕೊಯಮತ್ತೂರಿನ ಸರ್ಕಾರಿ ಕಬ್ಬು ತಳಿ ಸಂಸ್ಥೆಯಲ್ಲಿ. ಎಸ್‌ಎನ್‌ಕೆ ಹೆಸರಿನ ತಳಿಗಳು ಬಂದದ್ದು ಸಂಕೇಶ್ವರದಲ್ಲಿರುವ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರದಿಂದ. ತುಕ್ಕು ರೋಗವನ್ನೂ ಎಲೆಚುಕ್ಕೆಯನ್ನೂ ತಡೆದುಕೊಳ್ಳುವ ಜಿಪಿಬಿಡಿ-4 ಶೇಂಗಾ, ತುಕ್ಕು ತಡೆಯುವ ಡಿಎಸ್‌ಬಿ-21 ಸೋಯಾಬೀನ್ ಕೂಡ ಧಾರವಾಡದವೇ.

ಇನ್ನು ಹೈಬ್ರಿಡ್ ಮಾತು. 1970ರ ದಶಕದ ಆರಂಭದಲ್ಲಿ ಧಾರವಾಡದ ಹೊಲಗಳಲ್ಲಿ ಬಿ.ಎಚ್. ಕಟರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಉದ್ದನೂಲಿನ ತಳಿ ತೆಗೆದರು. ಮುಂದೆ ಅಲ್ಲಿಂದಲೇ ‘ಜಯಲಕ್ಷ್ಮಿ’, ಅಂದರೆ ಡಿಸಿಎಚ್-32 ಬಂತು. ಕಂಪನಿಗಳು ಇಂದು ನಡೆದಾಡುವ ದಾರಿಗೆ ಮೊದಲು ಕಲ್ಲು ಹಾಸಿದವರು ಸರ್ಕಾರಿ ಸಂಬಳದ ಸಂಶೋಧಕರು.

‘ಕೃಷಿ ಇರಲಿ, ಕಲ್ಲು, ಮಣ್ಣು, ನಾಯಿ ಅಂತ ಇಷ್ಟು ವಿಭಾಗ ಯಾಕ?’

ಮಣ್ಣಿನಿಂದಲೇ ಶುರು ಮಾಡೋಣ. ಘಟಪ್ರಭಾ ಕಾಲುವೆಯ ಕೆಳಗಿನ ಎರೆ ಹೊಲಗಳಲ್ಲಿ ನೀರು ಹೆಚ್ಚಾಗಿ ಸವಳು-ಜವಳು ಆದದ್ದನ್ನು ಕಾಣದವರಿಲ್ಲ. ಅಂತರ್ಜಲ ಮೇಲೇರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲುಳಿಯುತ್ತದೆ, ಹೊಲದ ಮೈ ಬೆಳ್ಳಗಾಗುತ್ತದೆ, ಮೊಳಕೆ ಸುಟ್ಟುಹೋಗುತ್ತದೆ. ಸವಳು ಬೇರೆ, ಕ್ಷಾರ ಬೇರೆ. ಒಂದಕ್ಕೆ ಬಸಿಗಾಲುವೆ ತೆಗೆದು ಉಪ್ಪು ತೊಳೆಯಬೇಕು, ಇನ್ನೊಂದಕ್ಕೆ ಜಿಪ್ಸಂ ಹಾಕಿ ಸೋಡಿಯಂ ಬಿಡಿಸಬೇಕು. ಯಾವ ಹೊಲಕ್ಕೆ ಯಾವುದು ಎಂದು ಹೇಳುವುದು ಮಣ್ಣು ವಿಜ್ಞಾನ, ಬಸಿಗಾಲುವೆಯ ಆಳ, ಅಂತರ ಹೇಳುವುದು ಎಂಜಿನಿಯರಿಂಗ್. ಒಂದೇ ಹೊಲ ಉಳಿಸಲು ಎರಡು ವಿಭಾಗ ಬೇಕಾದವು.

ಕಲ್ಲಿನ ವಿಷಯದಲ್ಲಂತೂ ನಮ್ಮೂರು ಲೋಕಾಪುರದ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲೇ ಇದೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಈ ಸೀಮೆಯ ಶಿಲೆಗಳ ವಿವರ ಪ್ರಕಟಿಸಿದರು. ನಂತರದ ಭೂವಿಜ್ಞಾನಿಗಳು ಕಲಾದಗಿ ಶಿಲಾಸ್ತರಗಳ ಒಂದು ಭಾಗಕ್ಕೆ ‘ಲೋಕಾಪುರ ಉಪಗುಂಪು’ ಎಂದೇ ಹೆಸರಿಟ್ಟರು. ನೂರು ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ತಳದ ಸುಣ್ಣಕಲ್ಲು ಮತ್ತು ಡಾಲಮೈಟ್ ಇಲ್ಲಿವೆ. ಆ ಕಾಲದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟ ಗುರುತುಗಳೂ ಈ ಶಿಲೆಗಳಲ್ಲಿವೆ. ಮುದ್ದಾಪುರದ ಸಿಮೆಂಟ್ ಕಾರ್ಖಾನೆ ನಿಂತಿರುವುದು ಇಂಥ ಸುಣ್ಣಕಲ್ಲಿನ ಮೇಲೆ. ಇಂಥ ಶಿಲೆಯಲ್ಲಿ ನೀರು ಎಲ್ಲ ಕಡೆ ಸಮನಾಗಿ ಸಿಗುವುದಿಲ್ಲ, ಬಿರುಕು ಮತ್ತು ಕರಗಿದ ಪೊಟರೆಗಳಲ್ಲಿ ನಿಲ್ಲುತ್ತದೆ. ಬೋರ್‌ವೆಲ್‌ಗೆ ಸಾಲ ಮಾಡುವ ರೈತನಿಗೆ ಇದಕ್ಕಿಂತ ಬೇಕಾದ ಜ್ಞಾನ ಯಾವುದಿದೆ?

ನಾಯಿಯ ಮಾತೂ ಅಷ್ಟೆ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳ ನಾಯಿ 2020ರಲ್ಲಿ ದೇಶದ ಅಧಿಕೃತ ತಳಿಯಾಗಿ ದಾಖಲಾಯಿತು. ಅಳತೆ, ಲಕ್ಷಣ, ವಂಶದ ವಿವರ ಕೂಡಿಸದೆ ಬರೀ ಹೊಗಳಿಕೆಯಿಂದ ಇಂಥ ದಾಖಲೆ ಸಿಗುವುದಿಲ್ಲ. ತಳಿ ಶುದ್ಧವಾಗಿದ್ದರೆ ಮರಿ ಸಾಕಿ ಮಾರುವ ನಮ್ಮ ಕುಟುಂಬಗಳಿಗೆ ಬೆಲೆ ಸಿಗುತ್ತದೆ.

‘ಎಷ್ಟೋ ಪಿಎಚ್.ಡಿ.ಗಳು ನಕಲು, ಎಷ್ಟೋ ಪತ್ರಿಕೆಗಳು ನಕಲಿ’

ಇದು ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು. ಕಾಸು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ಇವೆ. ಪ್ರಬಂಧ ಕಡ್ಡಾಯ ಮಾಡಿದ್ದೇ ಅವುಗಳಿಗೆ ಮೇವಾಯಿತು. 2022ರಲ್ಲಿ ಯುಜಿಸಿ ಪಿಎಚ್.ಡಿ.ಗೆ ಮುಂಚೆ ಪ್ರಬಂಧ ಪ್ರಕಟಿಸಲೇಬೇಕೆಂಬ ನಿಯಮವನ್ನು ಕೈಬಿಟ್ಟಿತು. ಕಳಪೆ ಕೆಲಸವನ್ನು ಹಿಡಿಯಬೇಕು, ನಕಲು ಮಾಡಿದವರ ಪದವಿ ಕಿತ್ತುಕೊಳ್ಳಬೇಕು, ಮಾರ್ಗದರ್ಶಕರನ್ನೂ ಕೇಳಬೇಕು. ಈ ಮಾತಿನಲ್ಲಿ ನಾನು ಆಕ್ಷೇಪಿಸುವವರ ಜೊತೆಗೇ ಇದ್ದೇನೆ.

ಆದರೆ ಕಳ್ಳಬೀಜ ಮಾರುವ ಅಂಗಡಿ ಇದೆಯೆಂದು ಯಾರೂ ಬಿತ್ತನೆ ನಿಲ್ಲಿಸುವುದಿಲ್ಲ. ನಕಲಿಗೆ ಮದ್ದು ಕಟ್ಟುನಿಟ್ಟಿನ ತಪಾಸಣೆ, ಬೀಗವಲ್ಲ. ಪ್ರಯೋಗಾಲಯವಿಲ್ಲದೆ, ಕಾಯಂ ಪ್ರಾಧ್ಯಾಪಕರಿಲ್ಲದೆ, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ಸಂಸ್ಥೆಯಿಂದ ಉತ್ತಮ ಸಂಶೋಧನೆ ನಿರೀಕ್ಷಿಸಿ, ಅದು ಬರಲಿಲ್ಲವೆಂದು ಸಂಸ್ಥೆಯನ್ನೇ ಮುಚ್ಚುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಸಂಶೋಧನೆ ಇಂಗ್ಲಿಷಿನಲ್ಲೇ ಉಳಿದುಬಿಡುತ್ತದೆ ಎಂಬ ದೂರೂ ಇದರೊಟ್ಟಿಗೆ ಬರುತ್ತದೆ. ಧಾರವಾಡದ ಕೃಷಿ ಮೇಳ, ಕನ್ನಡದ ‘ಕೃಷಿ ಮುನ್ನಡೆ’ ಮಾಸಪತ್ರಿಕೆ, ಕೃಷಿ ಸಮುದಾಯ ಬಾನುಲಿ ಈ ಕೊರತೆ ನೀಗಲು ದುಡಿಯುತ್ತಿವೆ. ಸಾಲದು, ಇನ್ನೂ ಬೇಕು. ಪ್ರತಿ ಸಂಶೋಧನೆಯ ಸಾರ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ತಲುಪಬೇಕು.

ನಮ್ಮ ಶಾಸಕರಲ್ಲಿ, ಸಂಸದರಲ್ಲಿ ನನ್ನ ಬೇಡಿಕೆ ಸ್ಪಷ್ಟ. ಜಮಖಂಡಿಯ ವಿಶ್ವವಿದ್ಯಾಲಯಕ್ಕೆ ಕಾಯಂ ಹುದ್ದೆ ಮತ್ತು ಪ್ರಯೋಗಾಲಯ ಕೊಡಿಸಿ, ಧಾರವಾಡದ ಖಾಲಿ ವಿಜ್ಞಾನಿ ಹುದ್ದೆಗಳನ್ನು ತುಂಬಿಸಿ. ಓದುಗರಲ್ಲೂ ಒಂದು ಮಾತು: ಚುನಾವಣೆಗೆ ಮತ ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ. ಮುಂದಿನ ಹೇನು ಯಾವ ಕಡೆಯಿಂದ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅದು ಬಂದ ದಿನ ವಿಜ್ಞಾನಿಯನ್ನು ನೇಮಿಸಿಕೊಳ್ಳಲು ಹೊರಟರೆ ಬೆಳೆ ಉಳಿಯುವುದಿಲ್ಲ.