ಬಾವಿ ನೀರಿನ ಎರಡು ರಿಪೋರ್ಟು

ಗಲ್ಫಿನಲ್ಲಿ ದುಡಿಯುವ ನಮ್ಮಲ್ಲಿ ಹೆಚ್ಚಿನವರ ಲೆಕ್ಕಾಚಾರ ಒಂದೇ: ಸಾಲ ತೀರಲಿ, ತಂಗಿಯ ಮದುವೆಯಾಗಲಿ, ಆಮೇಲೆ ಊರಿನಲ್ಲೊಂದು ಮನೆ. ಮನೆಗಿಂತ ಮೊದಲು ನೀರು. ಕಳೆದ ವರ್ಷ ನಮ್ಮ ಸದಸ್ಯರೊಬ್ಬರು ಕಾರ್ಕಳದ ಕಡೆ ಕೊಂಡ ಜಾಗದಲ್ಲಿ ಬಾವಿ ತೋಡಿಸಿದರು. ಒಳ್ಳೆಯ ನೀರು ಬಂತು. ಪೇಟೆಯ ಒಂದು ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿದರು. 'ಕುಡಿಯಲು ಯೋಗ್ಯ' ಎಂಬ ಒಂದು ಹಾಳೆ ಸಿಕ್ಕಿತು. ಎರಡು ವಾರ ಕಳೆದು ಅವರ ಭಾವ ಇನ್ನೊಂದು ಲ್ಯಾಬಿಗೆ ಒಯ್ದರು. ಅಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ ಎಂದು ಬಂತು. ರಜೆ ಮುಗಿಸಿ ವಾಪಸು ಬರುವಾಗ ಉಪ್ಪಿನಕಾಯಿ ಭರಣಿಯ ಜೊತೆಗೆ ಎರಡೂ ರಿಪೋರ್ಟುಗಳನ್ನು ತಂದು ನಮ್ಮ ಮುಂದಿಟ್ಟರು. "ಅಮ್ಮ ಆ ನೀರನ್ನೇ ಕುಡಿಯುತ್ತಿದ್ದಾರೆ. ಯಾವುದನ್ನು ನಂಬುವುದು?"

ನಮ್ಮ ಕೂಟದಲ್ಲಿ ಅಬುಧಾಬಿಯ ಪರೀಕ್ಷಾಲಯವೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಅವನು ಅಂಕಿಗಳನ್ನು ನೋಡಲೇ ಇಲ್ಲ. ಮೊದಲ ಹಾಳೆಯಲ್ಲಿ ಸ್ಯಾಂಪಲ್ ತೆಗೆದವರ ಹೆಸರಿಲ್ಲ, ಹೊತ್ತಿಲ್ಲ, ಯಾವ ವಿಧಾನದಲ್ಲಿ ಪರೀಕ್ಷೆ ಮಾಡಿದರೆಂಬುದೂ ಇಲ್ಲ. ನೀರು ತುಂಬಿಸಿದ್ದು ಹಳೆಯ ಮಿನರಲ್ ವಾಟರ್ ಬಾಟಲಿಯಲ್ಲಿ. ಎರಡನೆಯ ಲ್ಯಾಬು ಎರಡು ಹಾಳೆ ಕೊಟ್ಟಿತ್ತು. ಲವಣ, ಫ್ಲೋರೈಡ್, ಗಡಸುತನದ ಹಾಳೆಯಲ್ಲಿ ಎನ್‌ಎಬಿಎಲ್ ಮುದ್ರೆ ಇತ್ತು. ಬ್ಯಾಕ್ಟೀರಿಯಾದ ಹಾಳೆಯಲ್ಲಿ ಮುದ್ರೆ ಇರಲಿಲ್ಲ. ಅಂದರೆ ಆ ಲ್ಯಾಬಿಗೆ ಸಿಕ್ಕಿದ್ದ ಮಾನ್ಯತೆ ಒಂದಷ್ಟು ರಾಸಾಯನಿಕ ಪರೀಕ್ಷೆಗಳಿಗೆ ಮಾತ್ರ. ನಮಗೆ ಬೇಕಾಗಿದ್ದ ಪ್ರಶ್ನೆಗೆ ಎರಡೂ ಕಡೆ ಭರವಸೆಯ ಉತ್ತರ ಇರಲಿಲ್ಲ.

ಇದನ್ನು ಬರೆಯಲು ಕೂತದ್ದು ಆ ಸಂಜೆಯ ಕಾರಣಕ್ಕೆ. ನಾವು ಇಲ್ಲಿ ದಿನಾ ನೋಡುವ ಶಿಸ್ತನ್ನು ಊರಿನಲ್ಲಿ ಯಾಕೆ ಕೇಳುವುದಿಲ್ಲ?

ಅಲ್ ಕೂಸ್, ಮುಸ್ಸಫಾ ಕಡೆಯ ಕ್ಯಾಂಪುಗಳಲ್ಲಿ ಇದ್ದವರಿಗೆ ಗೊತ್ತು: ಟ್ಯಾಂಕ್ ತೊಳೆದ ಮೇಲೆ ಲ್ಯಾಬಿನವನು ಐಸ್ ಪೆಟ್ಟಿಗೆ ಹಿಡಿದುಕೊಂಡು ಬರುತ್ತಾನೆ. ನಲ್ಲಿಯ ಬಾಯಿಯನ್ನು ಶುಚಿ ಮಾಡಿ, ನೀರು ಸ್ವಲ್ಪ ಹೊತ್ತು ಹರಿಯಬಿಟ್ಟು, ಸೀಲ್ ಮಾಡಿದ ಬಾಟಲಿ ತೆರೆಯುತ್ತಾನೆ. ಆ ಬಾಟಲಿಯ ತಳದಲ್ಲಿ ಮೊದಲೇ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಅದು ನೀರಿನ ಕ್ಲೋರಿನ್ನನ್ನು ತಟಸ್ಥಗೊಳಿಸದಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಸತ್ತು, ಕೆಟ್ಟ ನೀರೂ ಒಳ್ಳೆಯದೆಂದು ತೋರುತ್ತದೆ. ಜುಲೈ ತಿಂಗಳ ಬಿಸಿಲಿನಲ್ಲಿ ಸ್ಯಾಂಪಲ್ ಕಾರಿನ ಡಿಕ್ಕಿಯಲ್ಲಿ ಉಳಿದರೆ ಮುಗಿಯಿತು, ಆಮೇಲೆ ಎಷ್ಟು ದುಬಾರಿ ಯಂತ್ರವಿದ್ದರೂ ಪ್ರಯೋಜನವಿಲ್ಲ. ನಮ್ಮಲ್ಲಿ ಕೆಲವರು ಇದೇ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುವವರು. ಊರಿಗೆ ಹೋದಾಗ ಮಾತ್ರ ಬಿಸ್ಲೇರಿ ಬಾಟಲಿ!

ಈ ಶಿಸ್ತಿನ ಹಿಂದೆ ಇರುವುದು ಐಎಸ್‌ಒ/ಐಇಸಿ 17025 ಎಂಬ ಮಾನದಂಡ. ಯಂತ್ರಗಳ ಅಳತೆ ಸರಿಯಿದೆಯೇ, ಕೆಲಸದವರಿಗೆ ತರಬೇತಿ ಆಗಿದೆಯೇ, ಹೊರಗಿನಿಂದ ಕಳಿಸಿದ ಗುಪ್ತ ಸ್ಯಾಂಪಲಿಗೆ ಸರಿಯಾದ ಉತ್ತರ ಕೊಡುತ್ತಾರೆಯೇ ಎಂದು ಮೂರನೆಯವರು ಬಂದು ನೋಡುತ್ತಾರೆ. ದುಬೈಯಲ್ಲಿ ಈ ಕೆಲಸಕ್ಕೆ ಎಮಿರೇಟ್ಸ್ ಇಂಟರ್‌ನ್ಯಾಷನಲ್ ಅಕ್ರೆಡಿಟೇಶನ್ ಸೆಂಟರ್ ಇದೆ, ಮೊದಲು ಇದು ದುಬೈ ಅಕ್ರೆಡಿಟೇಶನ್ ಸೆಂಟರ್ ಆಗಿತ್ತು. ಇಡೀ ದೇಶದ ಮಟ್ಟದಲ್ಲಿ ಎಮಿರೇಟ್ಸ್ ರಾಷ್ಟ್ರೀಯ ಮಾನ್ಯತಾ ವ್ಯವಸ್ಥೆ ಇದೆ. ಭಾರತದಲ್ಲಿ ಎನ್‌ಎಬಿಎಲ್ ಇದೆ. ನಮ್ಮ ದೇಶಕ್ಕೇನೂ ಕೊರತೆಯಿಲ್ಲ. 2000ದ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಎನ್‌ಎಬಿಎಲ್ ಕೂಡ ಸೇರಿದೆ. ಆದರೆ ಮಾನ್ಯತೆ ಪಡೆಯುವುದು ಬಹುಮಟ್ಟಿಗೆ ಲ್ಯಾಬಿನವರ ಇಷ್ಟಕ್ಕೆ ಬಿಟ್ಟದ್ದು. ಗ್ರಾಹಕ ಕೇಳದಿದ್ದರೆ ಅವರೇಕೆ ಖರ್ಚು ಮಾಡುತ್ತಾರೆ?

ಬಾವಿ ನೀರಿನ ವಿಷಯ ಸಣ್ಣದು ಅನ್ನಿಸಬಹುದು. ಹಾಗಾದರೆ ಪಡ್ರೆಯನ್ನು ನೆನಪಿಸಿಕೊಳ್ಳೋಣ. ನಮ್ಮೊಳಗೆ ಕಾಸರಗೋಡಿನವರು ಎಷ್ಟೋ ಜನರಿದ್ದಾರೆ, ಅವರಿಗೆ ಹೇಳಬೇಕಾಗಿಲ್ಲ. ಎಣ್ಮಕಜೆ ಪಂಚಾಯತಿನ ಸುತ್ತಮುತ್ತ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಕೆಳಗೆ ಬಾವಿ, ತೋಡು, ಸುರಂಗದ ನೀರು ಕುಡಿದು ಬದುಕುವ ಜನ. ವಾಣಿನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ವಿಚಿತ್ರ ಕಾಯಿಲೆಗಳ ಸಾಲನ್ನು ಕಂಡರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಗಿನ ಲೋಕಕ್ಕೆ ತಿಳಿಸಿದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ತನ್ನ ಲ್ಯಾಬಿನಲ್ಲಿ ಪಡ್ರೆಯ ನೀರು, ಮಣ್ಣು, ಹಾಲು, ರಕ್ತ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. ಕಾರ್ಪೊರೇಶನ್ ನೇಮಿಸಿದ ಇನ್ನೊಂದು ಸಂಸ್ಥೆ ಜನರ ರಕ್ತದಲ್ಲಿ ಇಲ್ಲ ಎಂದಿತು. ಒಂದೇ ಊರು, ಒಂದೇ ಕಾಲ, ಎರಡು ಉತ್ತರ. ಕೀಟನಾಶಕ ಉದ್ಯಮದವರು ದೆಹಲಿ ಲ್ಯಾಬಿನ ವಿಧಾನವೇ ತಪ್ಪೆಂದು ವಾದಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪಡ್ರೆಯ ಶಾಲಾ ಮಕ್ಕಳನ್ನು, ಸಿಂಪಡಣೆ ಇಲ್ಲದ ಮೀಂಜದ ಮಕ್ಕಳೊಂದಿಗೆ ಹೋಲಿಸಿ ನೋಡಬೇಕಾಯಿತು. ಅವರಿಗೂ ರಕ್ತದಲ್ಲಿ ವಿಷ ಸಿಕ್ಕಿತು. ಸುಪ್ರೀಂ ಕೋರ್ಟಿನ ದೇಶವ್ಯಾಪಿ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ.

ತಡಕ್ಕೆ ಕಾರಣ ರಿಪೋರ್ಟು ಒಂದೇ ಅಲ್ಲ, ರಾಜಕೀಯವೂ ಹಣವೂ ಇತ್ತು. ಆದರೆ 'ಆ ಲ್ಯಾಬನ್ನು ಯಾರು ನಂಬುತ್ತಾರೆ' ಎಂಬ ಒಂದು ಮಾತು ಬಲವುಳ್ಳವನ ಕೈಯಲ್ಲಿ ಎಷ್ಟು ವರ್ಷ ಕೊಂಡೊಯ್ಯುತ್ತದೆ ನೋಡಿ. ಬಡವನ ಬಳಿ ಇರುವುದು ಒಂದು ಹಾಳೆ. ಅದನ್ನು ತಳ್ಳಿಹಾಕಲು ನೆವ ಸಿಗಬಾರದು.

ಮುದ್ರೆ ಇದ್ದದ್ದೆಲ್ಲ ಸತ್ಯ, ಇಲ್ಲದ್ದು ಸುಳ್ಳು ಎಂದು ನಾವು ಹೇಳುತ್ತಿಲ್ಲ. 2003ರಲ್ಲಿ ಅದೇ ದೆಹಲಿ ಸಂಸ್ಥೆ ತಂಪು ಪಾನೀಯಗಳಲ್ಲಿ ಕೀಟನಾಶಕವಿದೆ ಎಂದಾಗಲೂ ಕಂಪನಿಗಳು ಲ್ಯಾಬಿನ ಯೋಗ್ಯತೆಯನ್ನೇ ಪ್ರಶ್ನಿಸಿದವು. ಮರುವರ್ಷ ಸಂಸತ್ತಿನ ಜಂಟಿ ಸಮಿತಿ ಕೀಟನಾಶಕ ಇರುವುದು ನಿಜವೆಂದಿತು. ಮುದ್ರೆಯ ಲ್ಯಾಬಿಗೂ ಕಳ್ಳ ಸ್ಯಾಂಪಲ್ ಕೊಟ್ಟರೆ ಅದು ಕಳ್ಳ ಸ್ಯಾಂಪಲಿನ ನಿಖರ ಉತ್ತರವನ್ನೇ ಕೊಡುತ್ತದೆ. ಹಾಗಾಗಿ ಮಾನ್ಯತೆ ಪರೀಕ್ಷೆಗೆ ಮಾತ್ರವಲ್ಲ, ಸ್ಯಾಂಪಲ್ ತೆಗೆಯುವುದಕ್ಕೂ ಬೇಕು.

ಖರ್ಚಿನ ಮಾತು ಬರುತ್ತದೆ. ಸಣ್ಣ ಊರಿನ ಲ್ಯಾಬಿಗೆ ಇದು ಭಾರ ಎನ್ನುವುದು ಸುಳ್ಳಲ್ಲ. ಅದಕ್ಕೇ ಜಿಲ್ಲಾ, ತಾಲೂಕು ಮಟ್ಟದ ಸರ್ಕಾರಿ ನೀರಿನ ಲ್ಯಾಬುಗಳಿಗೆ ಸರ್ಕಾರವೇ ಹಣ ಹಾಕಿ ಮಾನ್ಯತೆ ಕೊಡಿಸಬೇಕು, ಬ್ಯಾಕ್ಟೀರಿಯಾ ಮತ್ತು ಕೀಟನಾಶಕದ ಪರೀಕ್ಷೆಯನ್ನೂ ಸೇರಿಸಿ. ಜಲಜೀವನ್ ಮಿಷನ್ ಅಡಿಯಲ್ಲಿ ಈ ಲ್ಯಾಬುಗಳನ್ನು ಸಾರ್ವಜನಿಕರಿಗೆ ತೆರೆದಿರುವುದು ಒಳ್ಳೆಯ ಕೆಲಸ, ಆದರೆ ನಮ್ಮ ಪೈಕಿ ಅಲ್ಲಿಗೆ ಹೋದವರು ಎಷ್ಟು ಜನ? ಕಾರ್ಖಾನೆಯ ಹೊಗೆ, ಕೊಳಚೆ ನೀರು, ಪರಿಹಾರದ ಕೇಸು ಇಂಥ ಕಡೆ ಮಾನ್ಯತೆ ಇಲ್ಲದ ರಿಪೋರ್ಟನ್ನು ಯಾವ ಪಕ್ಷದವರೂ ತರುವಂತಿರಬಾರದು ಎಂಬುದು ನಮ್ಮ ಅಭಿಪ್ರಾಯ. ಅದು ಕಾನೂನಾಗಬೇಕು.

ಕಾನೂನು ಬರುವವರೆಗೆ ಕೇಳುವುದು ನಮ್ಮ ಕೈಯಲ್ಲಿದೆ. ಲ್ಯಾಬಿಗೆ ಎನ್‌ಎಬಿಎಲ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, 'ನನಗೆ ಬೇಕಾದ ಈ ಪರೀಕ್ಷೆಗೆ ಇದೆಯೇ' ಎಂದು ಕೇಳಬೇಕು. ಪ್ರತಿ ಲ್ಯಾಬಿನ ಮಾನ್ಯತೆಯ ವ್ಯಾಪ್ತಿಯನ್ನು ಎನ್‌ಎಬಿಎಲ್ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ದುಬೈಯ ರೂಮಿನಲ್ಲಿ ಕೂತೇ ಮೊಬೈಲಿನಲ್ಲಿ ನೋಡಬಹುದು. ಪರೀಕ್ಷಾಲಯಗಳಲ್ಲಿ, ಸುರಕ್ಷತಾ ವಿಭಾಗಗಳಲ್ಲಿ ಇರುವ ನಮ್ಮ ಸದಸ್ಯರು ಊರಿನ ರಿಪೋರ್ಟುಗಳನ್ನು ಓದಿ ಅರ್ಥ ಹೇಳಲು ಒಪ್ಪಿದ್ದಾರೆ. ಸಂಘದ ಮುಂದಿನ ಸಭೆಗೆ ನಿಮ್ಮ ಬಾವಿಯ, ಬೋರ್‌ವೆಲ್ಲಿನ ಹಾಳೆಗಳನ್ನು ತನ್ನಿ.

ಕಾರ್ಕಳದ ಸದಸ್ಯರು ಡಿಸೆಂಬರಿಗೆ ಟಿಕೆಟ್ ಮಾಡಿಸಿದ್ದಾರೆ. ಬ್ಯಾಕ್ಟೀರಿಯಾ ಪರೀಕ್ಷೆಗೂ ಮಾನ್ಯತೆ ಇರುವ ಲ್ಯಾಬೊಂದನ್ನು ಹುಡುಕಿ, ಬಾಟಲಿಯನ್ನು ಅವರೇ ತಂದು ಸ್ಯಾಂಪಲ್ ತೆಗೆಯುತ್ತಾರೆಯೇ ಎಂದು ಫೋನಿನಲ್ಲಿ ವಿಚಾರಿಸಿಯೂ ಆಯಿತು. ಅಲ್ಲಿಯವರೆಗೆ ಅಮ್ಮ ನೀರು ಕುದಿಸಿ ಕುಡಿಯುತ್ತಿದ್ದಾರೆ.