ಕೇಪಿನ ಕೋವಿಯೂ ಕಿಸೆಯ ಪಿಸ್ತೂಲೂ ಒಂದೇನಾ?

ಚುನಾವಣೆ ಬಂತು ಅಂದ್ರೆ ನಮ್ಮ ಕಡೆ ಮೊದಲು ಠಾಣೆ ಮೆಟ್ಟಿಲು ಹತ್ತೋದು ರೌಡಿಗಳಲ್ಲ, ಹೊಲ ಕಾಯೋಕೆ ಕೇಪಿನ ಕೋವಿ ಇಟ್ಟುಕೊಂಡಿರೋ ರೈತರು. ‘ಲೈಸೆನ್ಸ್ ಇರೋರೆಲ್ಲ ತಂದಿಡಿ’ ಅಂತ ಹೇಳಿಕಳಿಸಿದರೆ ಮುಗೀತು. ಇದನ್ನು ಸಮರ್ಥಿಸುವವರದು ಒಂದೇ ವಾದ: ಬಂದೂಕು ಬಂದೂಕೇ, ಅದರಲ್ಲಿ ಭೇದ ಯಾಕೆ?

ಭೇದ ಇದೆ ಸ್ವಾಮಿ. ಪಿಸ್ತೂಲು ಕಿಸೆಯಲ್ಲಿ ಅಡಗುತ್ತೆ. ಕಾರ್ಖಾನೆಯ ತೋಟಾ ತುಂಬಿಟ್ಟರೆ ಒಂದರ ಹಿಂದೆ ಒಂದು ಹಾರಿಸಬಹುದು. ಕೇಪಿನ ಕೋವಿ ಆಳುದ್ದ ಇರುತ್ತೆ. ಪ್ರತಿ ಸಲವೂ ಮೂತಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಕೂರಿಸಬೇಕು. ಇಷ್ಟಾದ ಮೇಲೆ ಒಂದೇ ಒಂದು ಈಡು. ಇದನ್ನು ಹಿಡಿದು ಮತಗಟ್ಟೆ ವಶಪಡಿಸಿಕೊಂಡವರನ್ನು ಯಾರಾದರೂ ಕಂಡಿದ್ದೀರಾ?

‘ಕೈಯಲ್ಲೇ ಮದ್ದು ತುಂಬೋದು ಅಪಾಯ ಅಲ್ವಾ’ ಅನ್ನುವವರಿಗೂ ಒಂದು ಮಾತು. ಅಮೆರಿಕದಲ್ಲಿ ಜನ ಮನೆಯಲ್ಲೇ ಸೀಸ ಕರಗಿಸಿ, ಎರಕ ಹೊಯ್ದು, ಚಪ್ಪಟೆ ಮೂತಿಯ ಗುಂಡು ಮಾಡಿ, ಪುಟ್ಟ ಪಿಸ್ತೂಲಿನ ಖಾಲಿ ತೋಟಾಗಳಿಗೆ ಮತ್ತೆ ತುಂಬಿಕೊಳ್ತಾರೆ. ಅಲ್ಲಿ ಅದು ಹವ್ಯಾಸ. ಇಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಜೈಲು. ತಯಾರಿಸುವ ಯಂತ್ರವೂ ಕಾಯ್ದೆಯ ಕಣ್ಣಿಗೆ ಮದ್ದುಗುಂಡೇ. ಆ ಬಿಗಿ ಇರಲಿ, ನನ್ನದೇನೂ ತಕರಾರಿಲ್ಲ. ಲೆಕ್ಕಕ್ಕೆ ಸಿಗದ ಗುಂಡು ಯಾರ ಕಿಸೆ ಸೇರುತ್ತೋ! ಆದರೆ ರೈತ ಕದ್ದು ಎರಕ ಹೊಯ್ಯುತ್ತಿಲ್ಲ. ಅವನ ಕೋವಿಗೆ ನಂಬರಿದೆ, ಪುಸ್ತಕವಿದೆ, ವಿಳಾಸವಿದೆ.

ಕಾನೂನು ಈ ಭೇದವನ್ನು ಎಂದೋ ಒಪ್ಪಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪಿಸ್ತೂಲನ್ನು ಬೇರೆ ಇಟ್ಟು, ಬೆಳೆ ರಕ್ಷಣೆಗೆ ಅಂತಲೇ ಮೂತಿಯಿಂದ ಮದ್ದು ತುಂಬುವ ಕೋವಿಯ ಹೆಸರು ಹೇಳುತ್ತೆ. ಚುನಾವಣಾ ಆಯೋಗದ ಸೂಚನೆಯೂ ಸಾರಾಸಗಟಾಗಿ ಕಿತ್ತುಕೊಳ್ಳಿ ಅನ್ನೋದಿಲ್ಲ. ಜಿಲ್ಲೆಯಲ್ಲೊಂದು ಸಮಿತಿ ಕೂತು, ಜಾಮೀನಿನ ಮೇಲೆ ಇರುವವರು, ಗಲಭೆಯಲ್ಲಿ ಸಿಕ್ಕವರು ಯಾರು ಅಂತ ಒಬ್ಬೊಬ್ಬರನ್ನೇ ನೋಡಬೇಕು. ಒಬ್ಬೊಬ್ಬರನ್ನೇ ನೋಡೋದು ಕಷ್ಟ, ಎಲ್ಲರನ್ನೂ ಕರೆಯೋದು ಸುಲಭ. ಅಷ್ಟೇ ವಿಷಯ.

ಲೆಕ್ಕ ಹಾಕಿ. 2024ರಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಕಡೆ ಏಪ್ರಿಲ್ 26ಕ್ಕೆ ಮತ ಬಿತ್ತು. ಎಣಿಕೆ ಜೂನ್ 4ಕ್ಕೆ. ನಾವು ಮತ ಹಾಕಿ ಬೆರಳಿನ ಶಾಯಿ ಮಾಸಿದ ಮೇಲೂ 39 ದಿನ ಕಾಯಬೇಕಾಯ್ತು. ಕಾಡುಹಂದಿಗೆ ನೀತಿಸಂಹಿತೆ ಇಲ್ಲವಲ್ಲ! ಬೋರ್‌ವೆಲ್ ನೀರಲ್ಲಿ ಬೆಳೆದ ಜೋಳಕ್ಕೆ ಒಂದು ರಾತ್ರಿ ಹಿಂಡು ನುಗ್ಗಿದರೆ ಬೆಳಿಗ್ಗೆ ಉಳಿಯೋದು ದಂಟು. ಹಂದಿ ಕೊಲ್ಲೋಕೆ ಅರಣ್ಯ ಇಲಾಖೆ ಅನುಮತಿ ಬೇಕು, ಗೊತ್ತಿದೆ. ಎಷ್ಟೋ ಸಲ ಬರೀ ಮದ್ದಿನ ಸದ್ದೇ ಸಾಕು. ಆ ಸದ್ದನ್ನೂ ಕಿತ್ತುಕೊಂಡರೆ ಬೇಲಿಗೆ ಕರೆಂಟ್ ಕೊಡುವವರು, ಸಿಡಿಮದ್ದು ಹೂತಿಡುವವರು ಹುಟ್ಟುತ್ತಾರೆ. ಅದಕ್ಕೆ ಹಂದಿಯೂ ಒಂದೇ, ಹಸುವೂ ಒಂದೇ, ಕತ್ತಲಲ್ಲಿ ನೀರು ಹಾಯಿಸೋಕೆ ಹೋದ ಮನುಷ್ಯನೂ ಒಂದೇ.

ಇದೇ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಕಲ್ಲುಕ್ವಾರಿಗೆ ತಂದಿದ್ದ ಜಿಲೆಟಿನ್ ಸಿಡಿದು 6 ಜನ ಸತ್ತರು. ಭಯಪಡಬೇಕಾದ ಮದ್ದು ಎಲ್ಲಿದೆ ಅಂತ ಆಗಲೇ ಗೊತ್ತಾಗಬೇಕಿತ್ತು.

ನಮ್ಮನೆ ಕೋವಿ ಒಮ್ಮೆ ಠಾಣೆಯೊಂದರ ಮೂಲೆಯಲ್ಲಿ ಮೂರು ತಿಂಗಳು ಕೂತು, ನಳಿಗೆಯೆಲ್ಲ ತುಕ್ಕು ಹಿಡಿದು ವಾಪಸ್ ಬಂತು. ತುಕ್ಕು ಹಿಡಿದ ನಳಿಗೆಗೆ ಮದ್ದು ತುಂಬೋದು ಅಂದ್ರೆ ಮುಖದ ಮುಂದೆ ಸಾವು ಹಿಡಿದಂತೆ. ಸುರಕ್ಷತೆಗೆ ಅಂತ ತಗೊಂಡು ಅಪಾಯ ಮಾಡಿ ಕೊಟ್ಟರು.

ಕೇಳೋದು ಇಷ್ಟೇ. ಸಮಿತಿ ಕೂರಲಿ, ಹೆಸರು ಹಿಡಿದು ನೋಡಲಿ, ಅನುಮಾನ ಇದ್ದವರ ಆಯುಧ ಮಾತ್ರ ತಗೊಳ್ಳಲಿ, ತಗೊಂಡದ್ದನ್ನು ಎಣ್ಣೆ ಹಚ್ಚಿ ಇಡಲಿ. ಬೆಳೆ ಕಾಯುವ ಕೋವಿ ಹೊಲದಲ್ಲೇ ಇರಲಿ.