ಪ್ರಮಾಣಪತ್ರ ತೋರಿಸಿದರೆ ಬೆಂಕಿ ಆರೀತೇ?

ಪ್ರತಿವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿಯಿತು. ಹತ್ತಿಯ ಬೇಲುಗಳನ್ನೂ ಸ್ಫೋಟಕಗಳನ್ನೂ ಒಂದೇ ಒಡಲಿಗೆ ತುಂಬಿಸಿದವರು ಮೇಲಿನವರು. ಬೆಂಕಿಯೊಡನೆ ಸೆಣಸಿ ಮಡಿದವರು 66 ಮಂದಿ ಅಗ್ನಿಶಾಮಕರು. ಅವರ ಹೆಸರಿನಲ್ಲಿ ಹಾರ ಹಾಕುವ ಧಣಿಗಳು ತಮ್ಮ ಗಿರಣಿಯಲ್ಲಿ ಮಾಡುವುದೇನು?

ಹತ್ತು ಜನರನ್ನು ಅರ್ಧ ದಿನ ಕೂಡಿಸಿ ಒಂದು ಭಾಷಣ, ಒಂದು ಫೋಟೋ, ‘ಸ್ವಯಂಸೇವಕ ಅಗ್ನಿಶಾಮಕ’ನೆಂಬ ಪ್ರಮಾಣಪತ್ರ! ಅದೂ ಕಚೇರಿಯ ಗೋಡೆಗೆ, ಇನ್‌ಸ್ಪೆಕ್ಟರಿಗೆ ತೋರಿಸಲು.

ಬಂಧುಗಳೇ, ಹತ್ತಿಯ ಬೇಲು ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಉರಿಯುತ್ತಿರುತ್ತದೆ. ವಿದ್ಯುತ್ ಹರಿಯುವ ಮೋಟಾರಿಗೆ ನೀರೆರಚಿದವನು ತಾನೇ ಸತ್ತಾನು. ಎಣ್ಣೆಯ ಬೆಂಕಿಗೆ ನೀರು ಹೊಯ್ದರೆ ಹಬ್ಬೀತು. ಇದು ಭಾಷಣದಿಂದ ಬಾರದು. ಸಿಲಿಂಡರಿನ ಪಿನ್ನು ಕಿತ್ತು, ಉರಿಯ ಬುಡಕ್ಕೆ ಗುರಿಯಿಟ್ಟು, ಕೈಯಾರೆ ನಂದಿಸಿ ಕಲಿಯಬೇಕು.

ಕಾರ್ಮಿಕರಿಗೆ ಪಾರಾಗುವ ದಾರಿ ತಿಳಿದಿರಬೇಕು, ತರಬೇತಿ ಸಿಕ್ಕಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯ 38ನೆಯ ಕಲಮೇ ಹೇಳಿತ್ತು. ಅದರ ಸ್ಥಾನಕ್ಕೆ 2020ರ ಸಂಹಿತೆ ಬಂದರೂ ಬೆಂಕಿಯ ಗುಣ ಬದಲಾಗಿಲ್ಲ. ತರಬೇತಿ ಧಣಿಯ ದಾನವಲ್ಲ. ‘ಸ್ವಯಂಸೇವೆ’ ಎಂದು ಹೇಳಿ ಕೂಲಿ ಮುರಿಯುವುದು ಮೋಸ.

ನಮ್ಮ ಬೇಡಿಕೆ ಸರಳ. ತರಬೇತಿ ಪಾಳಿಯ ವೇಳೆಯಲ್ಲೇ, ಪೂರ್ಣ ಪಗಾರದೊಂದಿಗೆ ನಡೆಯಲಿ. ಪರೀಕ್ಷೆ ನಡೆಸುವವರು ಅಗ್ನಿಶಾಮಕ ಠಾಣೆಯವರಾಗಲಿ, ಧಣಿಯ ಗುಮಾಸ್ತನಲ್ಲ. ಪತ್ರ ಕಾರ್ಮಿಕನ ಕೈಯಲ್ಲಿರಲಿ, ವರ್ಷಕ್ಕೊಮ್ಮೆ ಮರುತರಬೇತಿಯಾಗಲಿ. ಪೇಟೆಯ ಸಣ್ಣ ಅಂಗಡಿಕಾರರಿಗೂ ಅಲ್ಲಿ ಜಾಗವಿರಲಿ; ಗಿರಣಿಯ ಕಿಡಿ ಓಣಿಯ ಅಂಗಡಿಯನ್ನು ಬಿಡದು.

1997ರಲ್ಲಿ ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊರದಾರಿ ಮುಚ್ಚಿದ್ದಕ್ಕೆ 59 ಜೀವಗಳು ಬೆಲೆ ತೆತ್ತವು. ಧಣಿಗಳೇ, ಮೊದಲು ಬಾಗಿಲ ಬೀಗ ತೆಗೆಯಿರಿ; ಪ್ರಮಾಣಪತ್ರ ಆಮೇಲೆ ಹಂಚುವಿರಂತೆ!